ಕೊಲ್ಲಿಗೆ ತೆರೆದ ಕೋಣೆ: ವಿಲ್‌ಫ್ರಾಂಶ್‌ನಲ್ಲಿ ಒಂದು ವಾಸ್ತವ್ಯ

ದಕ್ಷಿಣ ಫ್ರಾನ್ಸಿನ ಕಡಲತೀರದಲ್ಲಿ ಹೋಟೆಲಿನ ಕೋಣೆಗೆ ಬೆಲೆ ಕಟ್ಟುವುದು ಕಿಟಕಿಯನ್ನು ನೋಡಿ. ಅಳತೆ ಒಂದೇ, ಮಂಚ ಒಂದೇ, ಸ್ನಾನಗೃಹದ ಅಮೃತಶಿಲೆಯೂ ಒಂದೇ. ಆದರೆ ಹಿಂದಿನ ತೋಟದ ಕಡೆಗೆ ತೆರೆಯುವ ಕೋಣೆಗೆ ಒಂದು ದರ, ಸಮುದ್ರದ ಕಡೆಗೆ ತೆರೆಯುವುದಕ್ಕೆ ಇನ್ನೊಂದು ದರ. ವಿಲ್‌ಫ್ರಾಂಶ್-ಸುರ್-ಮೇರ್‌ನಲ್ಲಿ ನಾವು ಇಳಿದುಕೊಂಡ ಹೋಟೆಲಿನಲ್ಲಿ ಈ ಎರಡು ದರಗಳ ನಡುವಿನ ಅಂತರ ಸಣ್ಣದಾಗಿರಲಿಲ್ಲ. ಕಾಯ್ದಿರಿಸುವ ಹೊತ್ತಿನಲ್ಲಿ ನನ್ನ ಪತಿ, ‘ಮಲಗಿದ ಮೇಲೆ ಎರಡೂ ಒಂದೇ ಅಲ್ಲವೇ?’ ಎಂದು ಕೇಳಿದರು. ಲೆಕ್ಕದಲ್ಲಿ ಅವರ ಮಾತು ಸರಿಯಾಗಿಯೇ ಇತ್ತು. ಆದರೂ ನಾವು ಸಮುದ್ರದ ಕಡೆಯ ಕೋಣೆಯನ್ನೇ ತೆಗೆದುಕೊಂಡೆವು. ಆ ಹೆಚ್ಚುವರಿ ಹಣಕ್ಕೆ ನಿಜವಾಗಿ ಏನು ಸಿಕ್ಕಿತು ಎಂಬುದು ಅಲ್ಲಿ ಕೆಲವು ದಿನ ಕುಳಿತು ನೋಡಿದ ಮೇಲೆ ಮಾತ್ರ ತಿಳಿಯಿತು.

ನೀಸ್ ನಗರದ ಮುಖ್ಯ ನಿಲ್ದಾಣದಿಂದ ವಿಲ್‌ಫ್ರಾಂಶ್‌ಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಕಿಲ್ಲ. ನೀಸ್‌ನ ಪೂರ್ವದ ಗುಡ್ಡವನ್ನು ಕೊರೆದ ಸುರಂಗದೊಳಗೆ ಹೊಕ್ಕ ರೈಲು ಹೊರಬರುವುದೇ ಕೊಲ್ಲಿಯ ಅಂಚಿನಲ್ಲಿ. ನಿಲ್ದಾಣದ ಕೆಳಗೇ ಮರಳಿನ ತೀರವಿದೆ. ನೀಸ್‌ನ ತೀರದಲ್ಲಿ ಕಾಲಿಗೆ ಸಿಗುವುದು ಬರಿಯ ಉರುಟು ಕಲ್ಲುಗಳಾದ್ದರಿಂದ, ಮಕ್ಕಳನ್ನು ಕರೆತರುವವರು ಈ ತೀರವನ್ನೇ ಆರಿಸಿಕೊಳ್ಳುತ್ತಾರೆ. ಅಲ್ಲಿಂದ ಹೋಟೆಲಿಗೆ ಮೆಟ್ಟಿಲು ಹತ್ತಬೇಕು. ಚಕ್ರದ ಸೂಟ್‌ಕೇಸ್ ಈ ಊರಿನಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಹೋಟೆಲಿನವರು ಕಳುಹಿಸಿದ ಹುಡುಗ ಎರಡನ್ನೂ ಎತ್ತಿಕೊಂಡು ನಮಗಿಂತ ಮುಂಚೆಯೇ ಬಾಗಿಲು ತಲುಪಿದ್ದ.

ಹೋಟೆಲು ಹಳೆಯ ಮನೆಯೊಂದನ್ನು ಮಾರ್ಪಡಿಸಿ ಕಟ್ಟಿದ್ದು. ಈ ಸೀಮೆಯ ಮನೆಗಳಿಗೆಲ್ಲ ಇರುವಂತೆ ಕಾವಿಗೂ ಹಳದಿಗೂ ನಡುವಿನ ಬಣ್ಣದ ಗೋಡೆಗಳು, ಪಟ್ಟಿಪಟ್ಟಿಯಾದ ಹಸಿರು ಮರದ ಕಿಟಕಿ ಬಾಗಿಲುಗಳು, ಇಬ್ಬರು ನಿಂತರೆ ತುಂಬಿಹೋಗುವ ಲಿಫ್ಟ್. ಬುಟೀಕ್ ಹೋಟೆಲ್ ಎಂದು ಕರೆಸಿಕೊಳ್ಳುವ ಇಂಥ ತಾಣಗಳಲ್ಲಿ ಕೋಣೆಗಳು ಕೆಲವೇ ಇರುತ್ತವೆ, ಮತ್ತು ಪ್ರತಿಯೊಂದೂ ಇನ್ನೊಂದರಂತಿರುವುದಿಲ್ಲ. ಫ್ರಾನ್ಸಿನಲ್ಲಿ ಹೋಟೆಲುಗಳಿಗೆ ಐದನೆಯ ನಕ್ಷತ್ರ ದೊರೆಯತೊಡಗಿದ್ದು 2009ರಲ್ಲಿ. ಅದಕ್ಕೂ ಮೇಲಿನ ‘ಪಲಾಸ್’ ಎಂಬ ಮನ್ನಣೆ ಬಂದದ್ದು 2010ರಲ್ಲಿ. ನಮ್ಮ ಹೋಟೆಲಿಗೆ ಇದ್ದದ್ದು ನಾಲ್ಕು ನಕ್ಷತ್ರ. ಭವ್ಯವಾದ ಹಜಾರವಾಗಲಿ, ತೂಗುದೀಪಗಳ ಸಾಲಾಗಲಿ ಅಲ್ಲಿರಲಿಲ್ಲ. ಗಟ್ಟಿಯಾದ ಹತ್ತಿಯ ಹಾಸುಗಳು, ಸದ್ದಿಲ್ಲದೆ ಮುಚ್ಚುವ ಬಾಗಿಲುಗಳು, ಎರಡನೆಯ ದಿನಕ್ಕೇ ನಮ್ಮ ಹೆಸರನ್ನು ಹೆಚ್ಚುಕಡಿಮೆ ಸರಿಯಾಗಿ ಉಚ್ಚರಿಸತೊಡಗಿದ ಸಿಬ್ಬಂದಿ ಇದ್ದರು. ಕೋಣೆಯಲ್ಲಿ ಕಾಫಿಯ ಯಂತ್ರವಿತ್ತು, ನೀರು ಕಾಯಿಸುವ ಕೆಟಲ್ ಇರಲಿಲ್ಲ. ಬೆಳಿಗ್ಗೆ ಎದ್ದೊಡನೆ ಚಹಾ ಬೇಕೆನ್ನುವ ನಮ್ಮಂಥವರಿಗಾಗಿ ಅವರು ದಿನವೂ ಬಿಸಿನೀರಿನ ಫ್ಲಾಸ್ಕ್ ತಂದಿಡುತ್ತಿದ್ದರು, ಮೊದಲ ದಿನದ ನಂತರ ಕೇಳುವ ಪ್ರಮೇಯವೇ ಬರಲಿಲ್ಲ. ಐಷಾರಾಮವೆಂದು ನಾನು ಒಪ್ಪುವುದು ಇದನ್ನು. ದಿಂಬಿನ ಮೇಲೆ ಇಟ್ಟುಹೋಗುವ ಚಾಕೊಲೇಟನ್ನಲ್ಲ.

ಇನ್ನು ಆ ಕಿಟಕಿ. ಕೊಲ್ಲಿ ದಕ್ಷಿಣಕ್ಕೆ ತೆರೆದುಕೊಂಡಿದೆ. ಪಶ್ಚಿಮದಲ್ಲಿ ಮೋಂ ಬೊರೋಂ ಗುಡ್ಡ, ಪೂರ್ವದಲ್ಲಿ ನೀರಿನೊಳಕ್ಕೆ ಉದ್ದವಾಗಿ ಚಾಚಿದ ಕಾಪ್ ಫೆರಾ ಭೂಶಿರ. ಹಳೆಯ ಊರು ಪಶ್ಚಿಮದ ಇಳಿಜಾರಿನಲ್ಲಿರುವುದರಿಂದ ಸೂರ್ಯ ಹುಟ್ಟುವುದು ಎದುರಿಗೆ, ಭೂಶಿರದ ಪೈನ್ ಮರಗಳ ಹಿಂದೆ. ಬೆಳಗಿನ ಬಿಸಿಲು ನೇರವಾಗಿ ಹಾಸಿಗೆಯ ಮೇಲೆಯೇ ಬೀಳುತ್ತದೆ. ಸಂಜೆಯ ಲೆಕ್ಕ ಬೇರೆ: ಸೂರ್ಯ ನಮ್ಮ ಬೆನ್ನಿನ ಗುಡ್ಡದ ಹಿಂದೆ ಬೇಗನೆ ಮರೆಯಾಗಿ ಊರೆಲ್ಲ ನೆರಳಾದ ಮೇಲೂ ಎದುರಿನ ಕಾಪ್ ಫೆರಾ ಬಹಳ ಹೊತ್ತು ಹೊಳೆಯುತ್ತಲೇ ಇರುತ್ತದೆ. ಕಡಲಿಗೆ ಇಳಿಯುವ ಸೂರ್ಯನನ್ನು ಬಾಲ್ಕನಿಯಿಂದ ನೋಡಬೇಕೆಂದು ಬಂದವರಿಗೆ ಇದರಿಂದ ನಿರಾಸೆಯಾದೀತು. ನಮಗೆ ಹಾಗಾಗಲಿಲ್ಲ, ಸೂರ್ಯಾಸ್ತಕ್ಕೆ ಕರಾವಳಿಯವರು ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ.

ಬೆಟ್ಟ ನೇರವಾಗಿ ನೀರಿಗೆ ಇಳಿಯುವ ಬಗೆಯನ್ನು ನೋಡುವಾಗ ಕಾರವಾರ ನೆನಪಾಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮನಸ್ಸು ಮೊದಲ ದಿನವೇ ಗುರುತಿಸಿತು: ಇಲ್ಲಿ ಭರತ ಇಳಿತವೆಂಬುದು ಇಲ್ಲವೆಂದೇ ಹೇಳಬೇಕು. ಮೆಡಿಟರೇನಿಯನ್ ಸಮುದ್ರದ ಈ ಭಾಗದಲ್ಲಿ ನೀರು ಏರಿಳಿಯುವುದು ಒಂದು ಗೇಣಿನಷ್ಟು. ಆದ್ದರಿಂದಲೇ ಮನೆಗಳ ಬುಡಕ್ಕೆ ನೀರು ತಾಗುವಷ್ಟು ಹತ್ತಿರ ಊರನ್ನು ಕಟ್ಟಿದ್ದಾರೆ. ಹೋಟೆಲುಗಳವರು ಊಟದ ಮೇಜನ್ನು ಕಟ್ಟೆಯ ತುದಿಯಲ್ಲಿಯೇ ಹಾಕುತ್ತಾರೆ. ನಮ್ಮಲ್ಲಿ ಹಾಗೆ ಹಾಕಿದರೆ ಮಧ್ಯಾಹ್ನದೊಳಗೆ ಮೇಜು ತೇಲಿಹೋದೀತು.

ನೀರಿನ ಬಣ್ಣ ತೀರದಿಂದ ಸ್ವಲ್ಪವೇ ದೂರದಲ್ಲಿ ತಿಳಿಹಸಿರಿನಿಂದ ಕಡುನೀಲಿಗೆ ಒಮ್ಮೆಲೇ ತಿರುಗುತ್ತದೆ, ಏಕೆಂದರೆ ಆಳ ಅಲ್ಲಿಂದಲೇ ಆರಂಭವಾಗುತ್ತದೆ. ಕೊಲ್ಲಿಯ ಆಳ ಕೆಲವೆಡೆ 90 ಮೀಟರನ್ನು ಮೀರುತ್ತದೆ; ಬಾಯಿಯ ಆಚೆ ಸಮುದ್ರತಳ ಕಂದರವಾಗಿ ಇನ್ನೂ ಕೆಳಗೆ ಇಳಿಯುತ್ತದೆ. ಈ ಊರಿನ ಚರಿತ್ರೆಯಲ್ಲಿ ನಡೆದುದೆಲ್ಲವೂ ಈ ಆಳದಿಂದಲೇ ನಡೆಯಿತು ಎಂದರೆ ಉತ್ಪ್ರೇಕ್ಷೆಯಾಗದು. ಮೂರು ಕಡೆ ಗುಡ್ಡದ ಮರೆ, ಎಷ್ಟು ದೊಡ್ಡ ಹಡಗಾದರೂ ದಡದ ಹತ್ತಿರವೇ ಲಂಗರು ಹಾಕಬಹುದಾದ ನೀರು: ಇಂಥ ಜಾಗ ರಾಜರ ಕಣ್ಣಿಗೂ ಕಡಲುಗಳ್ಳರ ಕಣ್ಣಿಗೂ ಬೀಳದೆ ಇರುವುದಿಲ್ಲ. ಕಡಲುಗಳ್ಳರಿಗೆ ಹೆದರಿ ಗುಡ್ಡದ ಮೇಲೆ ನೆಲೆಸಿದ್ದ ಜನರನ್ನು ತೀರಕ್ಕೆ ಕರೆತರಲು 1295ರಲ್ಲಿ ಆಂಜೂ ವಂಶದ ಎರಡನೆಯ ಚಾರ್ಲ್ಸ್ ತೆರಿಗೆಯ ವಿನಾಯಿತಿ ಕೊಟ್ಟು ಈ ಊರನ್ನು ಸ್ಥಾಪಿಸಿದ. 1388ರಲ್ಲಿ ಈ ಪ್ರದೇಶ ಸವೋಯ್ ಅರಸರ ಕೈಸೇರಿತು. 1543ರಲ್ಲಿ ನೀಸ್ ನಗರವನ್ನು ಮುತ್ತಲು ಬಂದ ಆಟೋಮನ್ ನೌಕಾಧಿಪತಿ ಬಾರ್ಬರೋಸಾ ತನ್ನ ಹಡಗುಗಳನ್ನು ನಿಲ್ಲಿಸಿದ್ದು ಇದೇ ಕೊಲ್ಲಿಯಲ್ಲಿ. ಆ ದಾಳಿಯ ಪಾಠವನ್ನು ಮರೆಯದ ಸವೋಯ್‌ನ ದೊರೆ ಎಮ್ಯಾನುಯೆಲ್ ಫಿಲಿಬೆರ್ 1557ರಿಂದ ನೀರಿನ ಅಂಚಿನಲ್ಲಿ ಸೇಂತ್ ಎಲ್ಮ್ ಕೋಟೆಯನ್ನು ಕಟ್ಟಿಸಿದ. ಕೋಟೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದರೊಳಗೆ ಈಗ ಪುರಸಭೆಯ ಕಚೇರಿಯೂ ವಸ್ತುಸಂಗ್ರಹಾಲಯಗಳೂ ಇವೆ. ಫಿರಂಗಿಗಳಿಗಾಗಿ ಕಟ್ಟಿದ ಗೋಡೆಗಳ ನಡುವೆ ಜನ ಜನನ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲು ಹೋಗುತ್ತಾರೆ.

ಬಾಲ್ಕನಿಯಿಂದ ಬಲಕ್ಕೆ ನೋಡಿದರೆ ಕೋಟೆಯ ಆಚೆ ದಾರ್ಸ್ ಎಂಬ ಹಳೆಯ ನೌಕಾಂಗಣ ಕಾಣುತ್ತದೆ. ಈ ಮೂಲೆಯ ಕಥೆಯೇ ನನ್ನನ್ನು ಹೆಚ್ಚು ಹಿಡಿದು ಕೂರಿಸಿತು. ಕ್ರಿಮಿಯಾ ಯುದ್ಧದಲ್ಲಿ ಸೋತ ರಷ್ಯಾ, 1856ರ ಪ್ಯಾರಿಸ್ ಒಪ್ಪಂದದಿಂದಾಗಿ ಕಪ್ಪು ಸಮುದ್ರದಲ್ಲಿ ಯುದ್ಧನೌಕೆಗಳನ್ನು ಇಡುವ ಹಕ್ಕನ್ನು ಕಳೆದುಕೊಂಡಿತು. ಮೆಡಿಟರೇನಿಯನ್ನಿನಲ್ಲಿ ಕಲ್ಲಿದ್ದಲು ತುಂಬಿಕೊಳ್ಳಲು ಅದಕ್ಕೊಂದು ನೆಲೆ ಬೇಕಾಯಿತು. ಅದನ್ನು ಕೊಟ್ಟದ್ದು, ಅದೇ ಯುದ್ಧದಲ್ಲಿ ಅದರ ವಿರುದ್ಧ ಕಾದಿದ್ದ ಸಾರ್ಡೀನಿಯ ರಾಜ್ಯ. ಸವೋಯ್ ವಂಶವೇ ಆಳುತ್ತಿದ್ದ ಆ ರಾಜ್ಯಕ್ಕೆ ಆಗ ಈ ಊರು ಸೇರಿತ್ತು. 1860ರಲ್ಲಿ ನೀಸ್ ಸೀಮೆಯೊಡನೆ ವಿಲ್‌ಫ್ರಾಂಶ್ ಕೂಡ ಫ್ರಾನ್ಸಿನ ಪಾಲಾಯಿತು. ಕೆಲವು ದಶಕಗಳ ಬಳಿಕ, 1880ರ ದಶಕದಲ್ಲಿ, ರಷ್ಯನ್ ಪ್ರಾಣಿಶಾಸ್ತ್ರಜ್ಞ ಅಲೆಕ್ಸಿಸ್ ಕೊರೊತ್ನೆಫ್ ರಷ್ಯನ್ನರ ಸ್ವಾಧೀನದಲ್ಲಿದ್ದ ಕಟ್ಟಡವನ್ನು ಪಡೆದು ಸಂಶೋಧನಾಲಯ ಮಾಡಿದ. ಅದಕ್ಕೂ ಕಾರಣ ಆಳವೇ. ಆಳವಾದ ನೀರು ದಡಕ್ಕೆ ಇಷ್ಟು ಹತ್ತಿರವಿರುವುದರಿಂದ, ಬೇರೆಡೆ ದೂರದ ಕಡಲಿಗೆ ಹೋಗಿ ಹಿಡಿಯಬೇಕಾದ ಪ್ಲವಕಗಳು (ಪ್ಲಾಂಕ್ಟನ್), ಅಂದರೆ ನೀರಿನ ಹರಿವಿನೊಡನೆ ತೇಲುತ್ತ ಬದುಕುವ ಜೀವಿಗಳು, ಇಲ್ಲಿ ಸಣ್ಣ ದೋಣಿಯ ಬಲೆಗೇ ಸಿಗುತ್ತವೆ. ಆ ಸಂಸ್ಥೆ ಈಗ ಸೊರ್ಬೋನ್ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಡಿಯಲ್ಲಿ ನಡೆಯುತ್ತಿದೆ; ಕೊಲ್ಲಿಯ ಬಾಯಿಯಲ್ಲಿರುವ ‘ಪಾಯಿಂಟ್ ಬಿ’ ಎಂಬ ಸ್ಥಳದಿಂದ ದಶಕಗಳಿಂದ ನಿಯಮಿತವಾಗಿ ನೀರಿನ ಮಾದರಿ ತೆಗೆಯುತ್ತ ಬಂದಿದ್ದಾರೆ. ಸಮುದ್ರ ಬಿಸಿಯಾಗುತ್ತಿರುವುದನ್ನು ಅಳೆದು ಹೇಳಲು ಇಂಥ ದೀರ್ಘ ದಾಖಲೆಗಳೇ ಆಧಾರ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆರನೆಯ ನೌಕಾಪಡೆಯ ಮುಖ್ಯ ಹಡಗಿಗೂ ಇದೇ ತಂಗುದಾಣವಾಗಿತ್ತು. 1966ರಲ್ಲಿ ಫ್ರಾನ್ಸ್ ನೇಟೊ ಒಕ್ಕೂಟದ ಸೇನಾ ಕಮಾಂಡಿನಿಂದ ಹೊರನಡೆದ ಮೇಲೆ ಅವರೂ ಹೊರಟರು. ಈಗ ಅದೇ ಜಾಗದಲ್ಲಿ ನಿಲ್ಲುವವು ಕ್ರೂಸ್ ಹಡಗುಗಳು. ನಾವಿದ್ದಾಗ ಒಂದು ಬೆಳಿಗ್ಗೆ ಪರದೆ ಸರಿಸಿದರೆ ಭೂಶಿರದ ಅರ್ಧವನ್ನು ಮುಚ್ಚಿಕೊಂಡು ಹಲವು ಅಂತಸ್ತುಗಳ ಬಿಳಿ ಗೋಡೆಯೊಂದು ನಿಂತಿತ್ತು. ಅದರ ಹೊಟ್ಟೆಯಿಂದ ಸಣ್ಣ ದೋಣಿಗಳು ಸಾಲಾಗಿ ಹೊರಟು ಜನರನ್ನು ಕಟ್ಟೆಗೆ ಇಳಿಸುತ್ತಿದ್ದವು. ನೋಟಕ್ಕೆಂದು ಹೆಚ್ಚು ಹಣ ತೆತ್ತ ಅತಿಥಿಗಳಲ್ಲಿ ಕೆಲವರು ಉಪಾಹಾರದ ಹೊತ್ತಿನಲ್ಲಿ ಗೊಣಗಿದರು. ನನಗೇನೋ ಆ ದೃಶ್ಯ ಬೇಸರ ತರಿಸಲಿಲ್ಲ: ಖಾಲಿಯಾಗಿ ಹೊಳೆಯುವ ಕೊಲ್ಲಿ ಚಿತ್ರಪಟದಲ್ಲಿ ಚೆಂದ, ನಿಜವಾದ ವಿಲ್‌ಫ್ರಾಂಶ್ ಮಾತ್ರ ಎಂದೂ ಹಡಗುಗಳ ಊರೇ ಆಗಿತ್ತು. ಕಳವಳಕ್ಕೆ ಕಾರಣ ಬೇರೆ ಇದೆ. ತೀರದ ಹತ್ತಿರದ ತಳದಲ್ಲಿ ಬೆಳೆಯುವ ಪೊಸಿಡೋನಿಯ ಎಂಬ ಸಮುದ್ರಹುಲ್ಲು ಮೀನುಮರಿಗಳಿಗೆ ಆಸರೆ. ಲಂಗರು ಅದನ್ನು ಬೇರುಸಹಿತ ಕಿತ್ತುಹಾಕುತ್ತದೆ, ಮತ್ತು ಅದು ಮರಳಿ ಬೆಳೆಯುವುದು ಅತ್ಯಂತ ನಿಧಾನ. ಆದ್ದರಿಂದ 24 ಮೀಟರಿಗಿಂತ ಉದ್ದದ ನೌಕೆಗಳು ಆ ಹುಲ್ಲಿರುವ ಕಡೆ ಲಂಗರು ಹಾಕುವುದನ್ನು ಫ್ರಾನ್ಸಿನ ಕಡಲ ಆಡಳಿತ ನಿಷೇಧಿಸಿದೆ.

ಕೆಳಗಿನ ಹಳೆಯ ಊರನ್ನು ಅರ್ಧ ದಿನದಲ್ಲಿ ಸುತ್ತಬಹುದು. ಮನೆಗಳ ಅಡಿಯಲ್ಲಿ ಸುಮಾರು 130 ಮೀಟರ್ ಉದ್ದಕ್ಕೆ ಸಾಗುವ, ಹದಿಮೂರನೆಯ ಶತಮಾನದ ಮುಚ್ಚಿದ ಬೀದಿ ರ್‍ಯೂ ಒಬ್ಸ್‌ಕ್ಯೂರ್ ನಡುಹಗಲಿನಲ್ಲಿಯೂ ತಂಪು. ಕಟ್ಟೆಯ ಮೇಲಿನ ಸಂತ ಪೀಟರನ ಪುಟ್ಟ ದೇಗುಲಕ್ಕೆ ಮಾತ್ರ ಸಮಯ ಕೊಡಬೇಕು. ಕವಿಯೂ ಚಿತ್ರಕಾರನೂ ಆಗಿದ್ದ ಝಾಂ ಕಾಕ್ತೊ 1920ರ ದಶಕದಲ್ಲಿ ಇದರ ಪಕ್ಕದ ವೆಲ್ಕಮ್ ಹೋಟೆಲಿನಲ್ಲಿ ಇರುತ್ತಿದ್ದ. ಬೆಸ್ತರು ಬಲೆ ಇಡಲು ಬಳಸುತ್ತಿದ್ದ ಈ ಕಟ್ಟಡಕ್ಕೆ ಚಿತ್ರ ಬರೆಯಬೇಕೆಂಬ ಅವನ ಆಸೆ ಈಡೇರಿದ್ದು 1957ರಲ್ಲಿ. ಪೀಟರನ ಬದುಕಿನ ಪ್ರಸಂಗಗಳ ಜೊತೆಗೆ ಊರಿನ ಹೆಣ್ಣುಮಕ್ಕಳೂ ಜಿಪ್ಸಿಗಳೂ ಒಂದೇ ಎಳೆಯ ಗೆರೆಯಲ್ಲಿ ಗೋಡೆ ತುಂಬಿದ್ದಾರೆ. ದೇಗುಲ ಇಂದಿಗೂ ಬೆಸ್ತರದೇ. ಪ್ರವೇಶ ಶುಲ್ಕವೂ ಅವರ ಸಂಘಕ್ಕೇ ಹೋಗುತ್ತದೆ.

ಸಸ್ಯಾಹಾರಿಗಳಿಗೆ ಈ ತೀರ ಕಷ್ಟದ್ದೆಂದು ಹೇಳಿ ಹೆದರಿಸಿದವರು ಹಲವರಿದ್ದರು. ನಿಜಕ್ಕೂ ನೀಸ್ ಸೀಮೆಯ ಅಡುಗೆ ತರಕಾರಿಯ ಮೇಲೆಯೇ ನಿಂತಿದೆ: ಬದನೆ, ಕುಂಬಳದ ಜಾತಿಯ ಕೂರ್ಜೆತ್, ಟೊಮೇಟೊಗಳನ್ನು ಬೇಯಿಸಿದ ರಾತಾತೂಯ್, ಕಡಲೆಹಿಟ್ಟನ್ನು ನೀರು ಮತ್ತು ಆಲಿವ್ ಎಣ್ಣೆಯಲ್ಲಿ ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು, ಸೌದೆಯ ಒಲೆಯಲ್ಲಿ ಬೇಯಿಸುವ ಸೊಕ್ಕ. ಅದನ್ನು ಕೈಯಿಂದ ಹರಿದು, ಕರಿಮೆಣಸಿನ ಪುಡಿ ಉದುರಿಸಿ ತಿನ್ನುತ್ತಾರೆ. ಎಚ್ಚರಿಕೆ ಬೇಕಾದದ್ದು ಈರುಳ್ಳಿಯ ಪಿಸಲಾದಿಯೇರ್ ವಿಷಯದಲ್ಲಿ, ಅದರ ಮೇಲೆ ಆಂಚೊವಿ ಮೀನು ಇದ್ದೇ ಇರುತ್ತದೆ. ನಮ್ಮ ಹೋಟೆಲಿನ ರಾತ್ರಿಯೂಟ ತಟ್ಟೆಯ ಅಲಂಕಾರದಲ್ಲಿ ಹೆಚ್ಚು, ರುಚಿಯಲ್ಲಿ ಸಾಧಾರಣ. ಬೆಳಗಿನ ಉಪಾಹಾರ ಮಾತ್ರ ಚೆನ್ನಾಗಿತ್ತು. ಅಲ್ಲಿನ ನಿಂಬೆಯ ಮಾರ್ಮಲೇಡ್ ತೋಟದ ಮರದ್ದೇ ಎಂದು ಬಡಿಸುವವರು ಹೇಳಿದರು.

ಬಾಡಿಗೆ ತೆತ್ತವರಿಗೆ ಮಾತ್ರ ಸಿಗುವ ನೋಟ ಇದೆಂದು ಭಾವಿಸುವುದು ತಪ್ಪು. ಫ್ರಾನ್ಸಿನಲ್ಲಿ 1976ರ ಕಾನೂನು ಕಡಲಂಚಿನ ಖಾಸಗಿ ಜಮೀನಿನಲ್ಲಿ ಮೂರು ಮೀಟರ್ ಅಗಲದ ಪಟ್ಟಿಯನ್ನು ನಡೆಯುವವರಿಗೆ ಬಿಡಿಸಿಕೊಟ್ಟಿದೆ. 1986ರ ಕಾನೂನು ತೀರದ ಕಟ್ಟಡಗಳಿಗೆ ಇನ್ನೂ ಬಿಗಿಯಾದ ಕಡಿವಾಣ ಹಾಕಿದೆ. ಇದರ ಫಲವನ್ನು ಕಾಪ್ ಫೆರಾದಲ್ಲಿ ಕಾಲಾರೆ ಅನುಭವಿಸಬಹುದು. ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡ್ ಎಸ್ಟೇಟು ಮಾಡಿಕೊಂಡಿದ್ದ, ಇಂದಿಗೂ ಕೋಟ್ಯಧಿಪತಿಗಳ ಬೇಲಿಗಳು ಸಾಲುಗಟ್ಟಿರುವ ಆ ಭೂಶಿರದ ಅಂಚಿನಲ್ಲಿ, ಬೇಲಿಗೂ ಬಂಡೆಗೂ ನಡುವೆ ದೀಪಸ್ತಂಭವನ್ನು ಬಳಸಿ ಸಾಗುವ ಕಾಲುದಾರಿ ಎಲ್ಲರಿಗೂ ಮುಕ್ತ. ಊಟದ ಪೊಟ್ಟಣ ಹಿಡಿದ ಶಾಲಾ ಮಕ್ಕಳ ಗುಂಪು ನಮ್ಮ ಮುಂದೆಯೇ ಹೋಗುತ್ತಿತ್ತು. ನೀರಿನ ಆಚೆ ದಡದ ಇಳಿಜಾರಿನಲ್ಲಿ ನಮ್ಮ ಹೋಟೆಲೂ ಕಾಣುತ್ತಿತ್ತು, ಬೆರಳುಗುರಿನಷ್ಟು. ಹಿಂತಿರುಗುವಾಗ ಭೂಶಿರದ ನಡುನೆತ್ತಿಯ ಎಫ್ರುಸ್ಸಿ ಬಂಗಲೆಗೂ ಹೋದೆವು. ರಾತ್ಸ್‌ಚೈಲ್ಡ್ ಮನೆತನದ ಬೆಯಾತ್ರಿಸ್ 1905ರಿಂದ 1912ರವರೆಗೆ ಕಟ್ಟಿಸಿದ ಆ ಗುಲಾಬಿ ಬಣ್ಣದ ಮನೆಯಿಂದ ಎರಡೂ ಕಡೆಯ ಕೊಲ್ಲಿಗಳು ಕಾಣುತ್ತವೆ.

ಹಾಗಿದ್ದರೆ ಕಿಟಕಿಗೆ ತೆತ್ತ ಹಣಕ್ಕೆ ಸಿಕ್ಕಿದ್ದೇನು? ಕುಳಿತುಕೊಳ್ಳುವ ಸಮಯ ಎನ್ನುತ್ತೇನೆ. ಕಾಲುದಾರಿಯಲ್ಲಿ ನಡೆಯುವವನು ಕೊಲ್ಲಿಯ ಒಂದು ಗಳಿಗೆಯನ್ನು ನೋಡುತ್ತಾನೆ. ಬೆಳಗಿನ ದೋಣಿ, ನಡುಹಗಲಿನ ಗಾಳಿ, ಲಂಗರು ಎತ್ತುವ ಹಡಗು, ಗುಡ್ಡದ ನೆರಳು ನೀರನ್ನು ದಾಟುವ ಕ್ರಮ ಇವೆಲ್ಲವೂ ಒಂದೇ ಕುರ್ಚಿಗೆ ಬರಬೇಕಾದರೆ ಆ ಕುರ್ಚಿ ದಿನವಿಡೀ ನಮ್ಮದಾಗಿರಬೇಕು. ಹಾಗೆ ಕೂರುವ ತಾಳ್ಮೆಯಿಲ್ಲದೆ ಬೆಳಿಗ್ಗೆ ಎದ್ದು ಮೊನಾಕೊ, ಕಾನ್, ಎಜ್ ಎಂದು ಓಡುವವರು ತೋಟದ ಕಡೆಯ ಕೋಣೆಯನ್ನೇ ತೆಗೆದುಕೊಳ್ಳಲಿ. ಉಳಿದ ಹಣದಲ್ಲಿ ನಾಲ್ಕು ಒಳ್ಳೆಯ ಊಟವಾದೀತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದರವೂ ಜನಸಂದಣಿಯೂ ತಾರಕಕ್ಕೇರುವುದರಿಂದ ಮೇ ತಿಂಗಳು ಅಥವಾ ಸೆಪ್ಟೆಂಬರಿನ ಕೊನೆ ಮೇಲು. ನೀರಿಗಿಳಿಯುವ ಆಸೆಯಿದ್ದರೆ ಎರಡರಲ್ಲಿ ಸೆಪ್ಟೆಂಬರ್ ವಾಸಿ, ಬೇಸಿಗೆಯ ಕಾವು ಆಗಲೂ ಸಮುದ್ರದಲ್ಲಿ ಉಳಿದಿರುತ್ತದೆ. ರೈಲು ಹಳಿ ತೀರಕ್ಕೆ ಅಂಟಿಕೊಂಡೇ ಸಾಗುವುದರಿಂದ ನಿಲ್ದಾಣದ ಬಳಿಯ ಹೋಟೆಲುಗಳಲ್ಲಿ ಸದ್ದು ಕೇಳುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಬಿಲ್ಲಿನ ಕೊನೆಯಲ್ಲಿ ವಾಸ್ತವ್ಯದ ತೆರಿಗೆಯೆಂದು ತಲೆಗಿಷ್ಟು, ರಾತ್ರಿಗಿಷ್ಟು ಎಂಬ ಲೆಕ್ಕದಲ್ಲಿ ಪ್ರತ್ಯೇಕ ಮೊತ್ತವೊಂದು ಸೇರುತ್ತದೆ. ಅದು ಹೋಟೆಲಿನವರ ಕಿಸೆಗಲ್ಲ, ಸ್ಥಳೀಯ ಆಡಳಿತಕ್ಕೆ ಹೋಗುವ ಹಣ.