ಕೋಆರ್ಡಿನೇಶನ್ ಮಾಡ್ತೀರಾ ಅಂತ ಅವಳೊಬ್ಬಳನ್ನೇ ಕೇಳಿದರು

ಬ್ಯಾಕೆಂಡ್ ತಂಡಕ್ಕೆ, ಅಂದರೆ ಬಳಸುವವರಿಗೆ ಕಾಣದ ಸರ್ವರ್ ಕಡೆಯ ಕೋಡ್ ನೋಡಿಕೊಳ್ಳುವ ತಂಡಕ್ಕೆ, ಒಬ್ಬರು ಬೇಕಿತ್ತು. ರಾತ್ರಿ ಸರ್ವರ್ ಬಿದ್ದರೆ ಎದ್ದು ಕೂತು ಸರಿಮಾಡಬೇಕಾದ ಕೆಲಸ. ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಇಬ್ಬರು ಗಂಡಸರು ಮತ್ತು ನಾನು. ಬೆಳಗ್ಗೆಯಿಂದ ಬಂದವರೆಲ್ಲ ಹುಡುಗರು. ಊಟ ಆದ ಮೇಲೆ ಒಬ್ಬ ಹುಡುಗಿ ಬಂದಳು.

ರೆಸ್ಯೂಮೆ ಮೇಲೆ ಟೆಸ್ಟ್ ಎಂಜಿನಿಯರ್ ಅಂತ ಇತ್ತು, ಅಂದರೆ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವ ಕೆಲಸ. ಅಷ್ಟು ನೋಡಿ ಪಕ್ಕದಲ್ಲಿದ್ದವರು ಹಾಳೆ ಮಗುಚಿಟ್ಟರು. ಆದರೆ ಕೆಳಗೆ ಓದಿದರೆ ಬೇರೆಯೇ ಕಥೆ. ಯಾರೇ ಕೋಡ್ ಬದಲಿಸಿದರೂ ತಾನಾಗಿಯೇ ಟೆಸ್ಟ್‌ಗಳನ್ನೆಲ್ಲ ಓಡಿಸುವ ಫ್ರೇಮ್‌ವರ್ಕ್ ಒಂದನ್ನು ಅವಳು ಮೊದಲಿನಿಂದ ಕಟ್ಟಿದ್ದಳು. ಕೆಲಸವನ್ನು ಹಲವು ಮಷೀನ್‌ಗಳಿಗೆ ಹಂಚಬೇಕು, ನಡುವೆ ಒಂದು ಮಷೀನ್ ಕೈಕೊಟ್ಟರೆ ಅದರ ಪಾಲನ್ನು ಇನ್ನೊಂದಕ್ಕೆ ದಾಟಿಸಬೇಕು, ಯಾವ ಫಲಿತಾಂಶವೂ ಎರಡು ಸಲ ಸೇರಿಕೊಳ್ಳಬಾರದು. ಇದು ಬ್ಯಾಕೆಂಡ್ ಕೆಲಸವೇ ಅಲ್ವಾ? ಅದರಲ್ಲೂ ಕಷ್ಟದ್ದು. ಎರಡು ಪ್ರೋಸೆಸ್‌ಗಳು ಒಂದೇ ರೆಕಾರ್ಡ್ ಬದಲಿಸೋಕೆ ಬಂದರೆ ಏನ್ಮಾಡ್ತೀರಿ ಅಂತ ಕೇಳಿದೆ. ಎದ್ದು ಹೋಗಿ ಬೋರ್ಡ್ ಮೇಲೆ ಬರೆದಳು. ಒಂದು ಮುಗಿಸುವವರೆಗೆ ಇನ್ನೊಂದನ್ನು ತಡೆಯುವ ಲಾಕ್ ಹಾಕಿದರೆ ಏನು ತೊಂದರೆ, ಲಾಕ್ ಇಲ್ಲದೆ, ನಡುವೆ ರೆಕಾರ್ಡ್ ಬದಲಾಗಿದೆಯಾ ಅಂತ ವರ್ಷನ್ ನಂಬರ್ ನೋಡಿ ಬರೆಯೋದು ಹೇಗೆ, ತಾನು ಯಾವುದನ್ನು ಆರಿಸಿದೆ, ಯಾಕೆ, ಎಲ್ಲ ಹೇಳಿದಳು. ಬೆಳಗ್ಗೆಯಿಂದ ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಕೊನೆಯಲ್ಲಿ ನಮ್ಮ ಹಿರಿಯರು ಕೇಳಿದರು, “ನಿಮ್ಮ ಕಮ್ಯುನಿಕೇಶನ್ ತುಂಬಾ ಚೆನ್ನಾಗಿದೆ. ಪ್ರಾಜೆಕ್ಟ್ ಕೋಆರ್ಡಿನೇಶನ್ ಕಡೆ ಯೋಚನೆ ಮಾಡಿದ್ದೀರಾ?”

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಅದು ನನಗೆ ಗೊತ್ತು. ಆದರೆ ಬೆಳಗ್ಗೆ ಬಂದ ಹುಡುಗರಲ್ಲೂ ಒಬ್ಬ ಸೊಗಸಾಗಿ ಮಾತಾಡುವವನಿದ್ದ. ಅವನು ಆಚೆ ಹೋದ ಮೇಲೆ ಇದೇ ಹಿರಿಯರು, “ಈತ ಮುಂದೆ ಆರ್ಕಿಟೆಕ್ಟ್ ಆಗ್ತಾನೆ ನೋಡಿ” ಅಂದಿದ್ದರು, ಅಂದರೆ ಇಡೀ ಸಿಸ್ಟಮ್ ಹೇಗಿರಬೇಕು ಅಂತ ತೀರ್ಮಾನಿಸುವ ದೊಡ್ಡ ಹುದ್ದೆ. ಇಬ್ಬರಲ್ಲೂ ಇದ್ದದ್ದು ಒಂದೇ ಗುಣ. ಅವನಿಗೆ ಅದು ಮೇಲೆ ಹೋಗುವ ದಾರಿ, ಇವಳಿಗೆ ಕೋಡಿಂಗ್ ಬಿಟ್ಟು ಪಕ್ಕಕ್ಕೆ ಸರಿಯುವ ದಾರಿ.

ಅವಳು ಹೋದ ಮೇಲೆ ನಾನು ಇದನ್ನೇ ಎತ್ತಿದೆ. “ಅಲ್ಲ ಮೇಡಂ, ಟೆಸ್ಟಿಂಗ್ ಅವರೇ ಆರಿಸಿಕೊಂಡಿದ್ದಲ್ವಾ? ಹೆಣ್ಣುಮಕ್ಕಳಿಗೆ ಇಂಥ ಕೆಲಸ ಇಷ್ಟ ಆಗುತ್ತೆ” ಅಂದರು ಹಿರಿಯರು. ಅವಳು ನಮ್ಮೆದುರೇ ಹೇಳಿದ್ದಳು, ಮೊದಲ ಕೆಲಸಕ್ಕೆ ಸೇರಿದಾಗ ಅವಳ ಬ್ಯಾಚಿನ ಹುಡುಗಿಯರಲ್ಲಿ ಮುಕ್ಕಾಲು ಪಾಲು ಜನರನ್ನು ಟೆಸ್ಟಿಂಗ್‌ಗೆ ಹಾಕಿದರು ಅಂತ. ಆಮೇಲೆ ರೆಸ್ಯೂಮೆ ಮೇಲೆ ಆ ಹೆಸರು ಕೂತುಬಿಡುತ್ತದೆ. ಮುಂದಿನ ಕಂಪನಿಯವರು ಅದನ್ನು ನೋಡಿ ಅದೇ ಕೆಲಸ ಕೊಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ ನಾವು ಅದನ್ನು ಅವಳ ಆಯ್ಕೆ ಅಂತ ಕರೆಯುತ್ತೇವೆ.

ಟೆಸ್ಟಿಂಗ್ ಕೀಳು ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಮಾಡುವ ಗೆಳತಿಯರು ನನಗಿದ್ದಾರೆ, ಅವರ ಕಣ್ಣು ತಪ್ಪಿಸಿ ಒಂದು ಬಗ್ ಕೂಡ ದಾಟಲಾರದು. ನನ್ನ ಸಿಟ್ಟು ಬೇರೆ ಕಡೆಗೆ. ಯಾವ ಕೆಲಸವನ್ನು ಹೆಂಗಸರು ಜಾಸ್ತಿ ಮಾಡುತ್ತಾರೋ ಅದು ಸುಲಭದ ಕೆಲಸ ಅಂತ ಅಂದುಕೊಳ್ಳುವ ಅಭ್ಯಾಸ ಇದೆಯಲ್ಲ, ಅದರ ಮೇಲೆ.

ಪ್ರೋಗ್ರಾಮಿಂಗ್‌ಗೂ ಒಂದು ಕಾಲದಲ್ಲಿ ಇದೇ ಗತಿ ಇತ್ತು. 1946ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಎನಿಯಾಕ್ ಕಂಪ್ಯೂಟರನ್ನು ಜನರಿಗೆ ತೋರಿಸಿದರು. ಅದನ್ನು ಪ್ರೋಗ್ರಾಮ್ ಮಾಡಿದ್ದು ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್ ಅನ್ನುವ ಆರು ಹೆಂಗಸರು. ಓದಿ ಕಲಿಯೋಕೆ ಪ್ರೋಗ್ರಾಮಿಂಗ್ ಕೈಪಿಡಿ ಅಂತ ಒಂದೂ ಇರಲಿಲ್ಲ. ಮಷೀನಿನ ನಕ್ಷೆಗಳನ್ನು ಹರಡಿಕೊಂಡು ತಾವೇ ಕಲಿತರು. ಆಗ ಮಷೀನ್ ಕಟ್ಟುವುದು ದೊಡ್ಡ ಕೆಲಸ, ಅದಕ್ಕೆ ಲೆಕ್ಕ ಹೇಳಿಕೊಡುವುದು ಗುಮಾಸ್ತರ ಕೆಲಸ ಅನ್ನುವ ನಂಬಿಕೆ. ಅವರ ಹೆಸರು ಹೊರಗೆ ಬರೋಕೆ ಹತ್ತಾರು ವರ್ಷ ಬೇಕಾಯಿತು. ಪ್ರೋಗ್ರಾಮಿಂಗ್‌ಗೆ ದುಡ್ಡು, ಮರ್ಯಾದೆ ಬಂದ ಮೇಲೆ ಅದು ಗಂಡಸರ ಬುದ್ಧಿಗೆ ಒಗ್ಗುವ ಕೆಲಸ ಅಂತ ಮಾತು ಬದಲಾಯಿತು.

ಹುಟ್ಟಿನಿಂದಲೇ ಒಲವು ಬೇರೆ ಅನ್ನುವವರಿಗೆ ನಾನು ಎರಡು ಲೆಕ್ಕ ಹೇಳುತ್ತೇನೆ. 1980ರ ದಶಕದ ನಡುವೆ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಸುಮಾರು 37% ಹೆಂಗಸರಿದ್ದರು, 2010ರ ಹೊತ್ತಿಗೆ ಅದು ಸುಮಾರು 18%ಕ್ಕೆ ಇಳಿಯಿತು. ಇನ್ನೊಂದು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದವರಲ್ಲಿ ಹುಡುಗಿಯರು 7% ಮಾತ್ರ, 2000ದಲ್ಲಿ 42%. ಅಲ್ಲಿ ಮಾಡಿದ್ದೇನು? ಮೊದಲೇ ಕೋಡಿಂಗ್ ಬರಬೇಕು ಅನ್ನುವುದಕ್ಕೆ ಕೊಡುತ್ತಿದ್ದ ತೂಕ ಇಳಿಸಿದರು, ಬರದವರು ಶುರುಮಾಡೋಕೆ ಬೇರೆ ದಾರಿ ಮಾಡಿಕೊಟ್ಟರು. ಚಿಕ್ಕಂದಿನಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿದ್ದು ಹೆಚ್ಚಾಗಿ ಹುಡುಗರನ್ನು, ಆ ಮುಂಚಿನ ಅಭ್ಯಾಸವೇ ಪ್ರತಿಭೆಯ ಹಾಗೆ ಕಾಣುತ್ತಿತ್ತು ಅಷ್ಟೇ. ಐದು ವರ್ಷದಲ್ಲಿ ಯಾರ ಮೆದುಳೂ ಬದಲಾಗುವುದಿಲ್ಲ.

ಇಷ್ಟನ್ನೂ ಆ ರೂಮಿನಲ್ಲಿ ಹೇಳೋಕೆ ಟೈಮ್ ಇರಲಿಲ್ಲ. ನಾನು ಕೇಳಿದ್ದು ಒಂದೇ. ಕೋಆರ್ಡಿನೇಶನ್ ಪ್ರಶ್ನೆಯನ್ನು ಎಲ್ಲರಿಗೂ ಕೇಳೋಣ, ಇಲ್ಲಾಂದ್ರೆ ಯಾರಿಗೂ ಬೇಡ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಎಲ್ಲರಿಗೂ ಕೇಳೋಣ” ಅಂದರು. ವಾದ ಬೆಳೆಸಲಿಲ್ಲ, ಅದಕ್ಕೆ ಅವರ ಮೇಲಿನ ಗೌರವ ನನಗೆ ಜಾಸ್ತಿಯೇ ಆಯಿತು.

ಮುಂದಿನವನು ಬ್ಯಾಕೆಂಡ್‌ನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದ ಹುಡುಗ. ಅವನಿಗೂ ಅದೇ ಪ್ರಶ್ನೆ ಹೋಯಿತು. ಅವನ ಮುಖವೇ ಬದಲಾಯಿತು. “ನಿಜವಾಗ್ಲೂ ನನಗೆ ಅದೇ ಇಷ್ಟ ಮೇಡಂ, ಜನರನ್ನು ಸೇರಿಸಿ ಕೆಲಸ ನಡೆಸೋದು. ಆದ್ರೆ ಯಾರೂ ಕೇಳಿರ್ಲಿಲ್ಲ. ನಾನೇ ಕೇಳಿದ್ರೆ ಕೋಡಿಂಗ್ ಬರಲ್ಲ ಅಂದ್ಕೊಳ್ತಾರೆ ಅಂತ ಸುಮ್ನಿದ್ದೆ” ಅಂದ. ಅವನ ಬಗ್ಗೆ ಎಚ್‌ಆರ್‌ಗೆ ಅವತ್ತೇ ಬರೆದು ಕಳಿಸಿದೆವು.

ಆ ಹುಡುಗಿಗೆ ಬ್ಯಾಕೆಂಡ್ ಕೆಲಸದ ಆಫರ್ ಹೋಯಿತು. ಅವಳು ಇನ್ನೂ ಸಹಿ ಹಾಕಿಲ್ಲ, ಸಂಬಳ ಜಾಸ್ತಿ ಕೇಳುತ್ತಿದ್ದಾಳೆ. ಕೊಡಬೇಕು ಅಂತ ನಾನೂ ಬರೆದಿದ್ದೇನೆ.