ಗ್ರಾಫಿಕ್ಸ್ ಕಾರ್ಡ್ ಆರಿಸುವ ಮೊದಲು ಬೋರ್ಡಿನ ಸ್ಲಾಟ್ ಎಣಿಸಿ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: ‘ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?’ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆ ಯಕ್ಷಗಾನದ ಆಟ, ತಾಳಮದ್ದಲೆಗಳನ್ನು ಲೈವ್ ಮಾಡುವ ಹುಡುಗರು ಈಗ ತುಂಬ ಜನ ಇದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಬೆಳಿಗ್ಗೆ ಶಿರಸಿಯಲ್ಲಿ ಕಾರ್ಡ್ ಕೈಗೆ ಸಿಗುತ್ತದೆ. ತರಿಸುವುದು ಸುಲಭ. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ‘ಕ್ಯಾಬಿನೆಟ್ಟಿನೊಳಗೆ ಅದರ ಜೊತೆ ಇನ್ನೇನೇನು ಕೂರಬೇಕು?’

ಗೇಮ್ ಆಡುವವರಿಗೆ ಈ ಪ್ರಶ್ನೆ ಬೇಕಿಲ್ಲ. ಅವರ ಕಂಪ್ಯೂಟರಿನಲ್ಲಿ ಇರುವುದು ಒಂದೇ ಕಾರ್ಡ್, ಅದು ಎಷ್ಟು ದಪ್ಪ ಇದ್ದರೂ ನಡೆಯುತ್ತದೆ. ನಮ್ಮ ಕೆಲಸ ಹಾಗಲ್ಲ. ನಾನು ಆಟಕ್ಕೆ ನಾಲ್ಕು ಕ್ಯಾಮೆರಾ ಇಡುತ್ತೇನೆ. ಇಡೀ ರಂಗಸ್ಥಳ ಕಾಣುವುದಕ್ಕೆ ಒಂದು, ಭಾಗವತರು, ಮದ್ದಲೆ, ಚಂಡೆ ಇರುವ ಹಿಮ್ಮೇಳಕ್ಕೆ ಒಂದು, ವೇಷದ ಮುಖ ಹಿಡಿಯುವುದಕ್ಕೆ ಒಂದು, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಒಂದು. ಗದ್ದೆಯಲ್ಲಿ ಆಟ ಇದ್ದರೆ ಕ್ಯಾಮೆರಾದಿಂದ ಕಂಪ್ಯೂಟರಿಗೆ ದೂರ ಜಾಸ್ತಿ. ಎಚ್‌ಡಿಎಂಐ ಕೇಬಲ್ ಅಷ್ಟು ದೂರಕ್ಕೆ ನಂಬುವಂಥದ್ದಲ್ಲ, ದೂರಕ್ಕೆ ವಿಡಿಯೊ ಒಯ್ಯುವ ಎಸ್‌ಡಿಐ ಕೇಬಲ್ಲೇ ಬೇಕು. ಆದ್ದರಿಂದ ನಾಲ್ಕು ಎಸ್‌ಡಿಐ ಸಿಗ್ನಲ್ ಒಟ್ಟಿಗೆ ತೆಗೆದುಕೊಳ್ಳುವ ಕ್ಯಾಪ್ಚರ್ ಕಾರ್ಡ್ ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಕೂರಲೇಬೇಕು. ನನ್ನ ಹತ್ತಿರ ಇರುವುದು ಡೆಕ್‌ಲಿಂಕ್ ಡುಯೊ 2. ಅದರ ಜೊತೆ ಎಡಿಟಿಂಗಿಗೂ ಸ್ಟ್ರೀಮ್ ಎನ್‌ಕೋಡಿಂಗಿಗೂ ಗ್ರಾಫಿಕ್ಸ್ ಕಾರ್ಡ್. ಕೆಲವರಿಗೆ ಇವೆರಡರ ಮೇಲೆ ಒಂದು ಯುಎಸ್‌ಬಿ ಕಾರ್ಡೋ ಸೌಂಡ್ ಕಾರ್ಡೋ ಬೇಕಾಗುತ್ತದೆ. ಹೀಗೆ ಎರಡು ಮೂರು ಕಾರ್ಡುಗಳು ಒಂದೇ ಬೋರ್ಡನ್ನು ಹಂಚಿಕೊಳ್ಳುವಾಗಲೇ ತಾಪತ್ರಯ ಶುರು.

ಮೊದಲು ದಪ್ಪದ ವಿಷಯ. ಕ್ಯಾಬಿನೆಟ್ಟಿನ ಹಿಂಬದಿ ತಿರುಗಿಸಿ ನೋಡಿ. ಪೂರ್ತಿ ಅಳತೆಯ ಬೋರ್ಡಿನ ಎಟಿಎಕ್ಸ್ ಆದರೆ ಕಾರ್ಡುಗಳಿಗೆ ಸಾಮಾನ್ಯವಾಗಿ ಏಳು ಕಿಂಡಿ ಇರುತ್ತವೆ, ಅದಕ್ಕಿಂತ ಸಣ್ಣ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ದಕ್ಕುವುದು ನಾಲ್ಕೇ. ಒಂದು ಕಿಂಡಿಯಿಂದ ಇನ್ನೊಂದಕ್ಕೆ 20.32 ಮಿ.ಮೀ. ಈ ಅಳತೆ ಎಲ್ಲ ಕಂಪನಿಗೂ ಒಂದೇ. ಆರ್‌ಟಿಎಕ್ಸ್ 4090 ಎಂಬ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಫೌಂಡರ್ಸ್ ಎಡಿಷನ್ 61 ಮಿ.ಮೀ. ದಪ್ಪ, ಅಂದರೆ ಸರಿಯಾಗಿ ಮೂರು ಕಿಂಡಿ. ಊಟದ ಪಂಕ್ತಿಯಲ್ಲಿ ಒಬ್ಬರೇ ಮೂರು ಎಲೆಯ ಜಾಗ ಹಿಡಿದು ಕೂತ ಹಾಗೆ. ಪೆಟ್ಟಿಗೆಯ ಮೇಲೆ ‘2.5 ಸ್ಲಾಟ್’ ಎಂದು ಬರೆದಿದ್ದರೂ ಮೂರು ಹೋಯಿತೆಂದೇ ಲೆಕ್ಕ ಹಿಡಿಯಿರಿ, ಉಳಿದ ಅರ್ಧದಲ್ಲಿ ಬೇರೆ ಯಾವ ಕಾರ್ಡೂ ಕೂರುವುದಿಲ್ಲ.

ಬಿ550 ಚಿಪ್‌ಸೆಟ್ಟಿನ ನನ್ನ ಬೋರ್ಡನ್ನೇ ತೆಗೆದುಕೊಳ್ಳಿ. ಮೇಲಿನಿಂದ ಮೊದಲ ಕಿಂಡಿಗೆ ಸ್ಲಾಟ್ ಇಲ್ಲ, ಆ ಜಾಗದಲ್ಲಿ ಎಂ.2 ಎಸ್‌ಎಸ್‌ಡಿ ಕೂತಿದೆ. ಎರಡನೆಯದು ಗ್ರಾಫಿಕ್ಸ್ ಕಾರ್ಡಿನ ಎಕ್ಸ್16 (ಎಕ್ಸ್ ಮುಂದಿನ ಸಂಖ್ಯೆ ಲೇನುಗಳದ್ದು, ಅಂದರೆ ಡೇಟಾ ಓಡಾಡುವ ದಾರಿಗಳದ್ದು). ನಾಲ್ಕನೆಯದು ಪುಟ್ಟ ಎಕ್ಸ್1. ಐದನೆಯದು ನೋಡಲು ಎಕ್ಸ್16ರಷ್ಟೇ ಉದ್ದ, ಆದರೆ ಒಳಗೆ ತಂತಿ ಇರುವುದು ಎಕ್ಸ್4ಕ್ಕೆ ಮಾತ್ರ. ಆರನೆಯದು ಮತ್ತೊಂದು ಎಕ್ಸ್1. ನಾನು ಹಾಕಿರುವುದು ಎರಡು ಫ್ಯಾನಿನ, ಎರಡೇ ಸ್ಲಾಟ್ ದಪ್ಪದ 12 ಜಿಬಿ ಆರ್‌ಟಿಎಕ್ಸ್ 3060. ಅದು ಎರಡು ಮತ್ತು ಮೂರನೆಯ ಕಿಂಡಿ ಹಿಡಿಯುತ್ತದೆ. ನಾಲ್ಕನೆಯದು ಖಾಲಿ. ಐದರಲ್ಲಿ ಡೆಕ್‌ಲಿಂಕ್. ಆ ಖಾಲಿ ನಾಲ್ಕನೆಯ ಜಾಗವನ್ನು ನಾನು ಬೇಕೆಂದೇ ಬಿಟ್ಟದ್ದು, ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಗಾಳಿ ಎಳೆಯುವುದು ಅಲ್ಲಿಂದಲೇ. ಅದೇ ಬೋರ್ಡಿಗೆ ಮೂರು ಸ್ಲಾಟಿನ ಕಾರ್ಡ್ ಹಾಕಿದರೆ ಕ್ಯಾಪ್ಚರ್ ಕಾರ್ಡ್ ಫ್ಯಾನುಗಳ ಬಾಯಿಗೆ ಅಡ್ಡ ಬರುತ್ತದೆ. ಮೂರೂವರೆ ಸ್ಲಾಟಿನದಾದರೆ ಐದನೆಯ ಸ್ಲಾಟ್ ಇದ್ದೂ ಇಲ್ಲದಂತೆ.

ಕುಮಟಾದ ಹುಡುಗನೊಬ್ಬ ತನ್ನ ಕಂಪ್ಯೂಟರನ್ನು ಇಡಿಯಾಗಿ ನನ್ನ ಮನೆಗೇ ಹೊತ್ತು ತಂದ. ‘ಅಣ್ಣಾ, ಮೂರು ಕ್ಯಾಮೆರಾ ಇದ್ರೆ ಎಂತ ತೊಂದ್ರೆ ಇಲ್ಲೆ. ಚೌಕಿ ಕ್ಯಾಮೆರಾ ಹಾಕಿದ ಕೂಡ್ಲೆ ನಾಲ್ಕೂ ತಡವರ್ಸ್ತು. ಅಂಗಡಿಯವ ಕ್ಯಾಪ್ಚರ್ ಕಾರ್ಡೇ ಹಾಳಾಜು ಹೇಳ್ತ’ ಅಂದ. ಕಾರ್ಡ್ ಹಾಳಾಗಿದ್ದರೆ ಮೂರು ಕ್ಯಾಮೆರಾ ರಾತ್ರಿಯಿಡೀ ನೆಟ್ಟಗೆ ನಡೆಯುವುದು ಹೇಗೆ? ಮುಚ್ಚಳ ತೆಗೆದು ನೋಡಿದೆವು. ಮೇಲೆ ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್, ಮೇಲಿನ ಎಕ್ಸ್1 ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಐದರಲ್ಲಿ ಕ್ಯಾಪ್ಚರ್ ಕಾರ್ಡ್. ಸೌಂಡ್ ಮಿಕ್ಸರಿಗೆಂದು ತಂದ ಯುಎಸ್‌ಬಿ ಕಾರ್ಡನ್ನು ಉಳಿದ ಒಂದೇ ಜಾಗ, ಆರನೆಯ ಕಿಂಡಿಯ ಎಕ್ಸ್1ಕ್ಕೆ ಹಾಕಿದ್ದ.

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಪ್ರತಿ ಕಾರ್ಡಿನ ಎದುರು ಎರಡು ಸಂಖ್ಯೆ ಕಾಣುತ್ತವೆ. ಕಾರ್ಡಿಗೆ ಹೆಚ್ಚೆಂದರೆ ಎಷ್ಟು ಲೇನ್ ಸಾಧ್ಯ, ಈಗ ಎಷ್ಟು ಸಿಕ್ಕಿದೆ ಎಂಬುದು. ಕ್ಯಾಪ್ಚರ್ ಕಾರ್ಡಿನ ಎದುರು ಮೊದಲನೆಯದು ಎಕ್ಸ್4, ಎರಡನೆಯದು ಎಕ್ಸ್2. ಉತ್ತರ ಅಲ್ಲೇ ಸಿಕ್ಕಿತು. ಎಷ್ಟೋ ಬೋರ್ಡುಗಳಲ್ಲಿ ಕೆಳಗಿನ ಉದ್ದ ಸ್ಲಾಟೂ ಸಣ್ಣ ಎಕ್ಸ್1 ಸ್ಲಾಟುಗಳೂ ಚಿಪ್‌ಸೆಟ್ಟಿನ (ಬೋರ್ಡಿನ ಸ್ಲಾಟು, ಪೋರ್ಟುಗಳನ್ನು ನೋಡಿಕೊಳ್ಳುವ ಚಿಪ್) ಅದೇ ನಾಲ್ಕು ಲೇನುಗಳನ್ನು ಹಂಚಿಕೊಳ್ಳುತ್ತವೆ. ಸಣ್ಣದರಲ್ಲಿ ಏನಾದರೂ ಕೂತರೆ ದೊಡ್ಡದಕ್ಕೆ ಎರಡೇ ಲೇನ್ ಉಳಿಯುತ್ತದೆ. ವಿಂಡೋಸ್ ಇದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ತೋರಿಸುತ್ತದೆ.

ಈಗ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿ. ಫುಲ್ ಎಚ್‌ಡಿ ಚಿತ್ರ ಅಂದರೆ 1920 ಗುಣಿಸು 1080 ಚುಕ್ಕಿ. 8 ಬಿಟ್ 4:2:2 ಎಂಬ ಬಣ್ಣದ ಮಾದರಿಯಲ್ಲಿ ಚುಕ್ಕಿಗೆ ಎರಡು ಬೈಟ್. ಸೆಕೆಂಡಿಗೆ 50 ಫ್ರೇಮ್ ಎಂದರೆ ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ ಸುಮಾರು 207 ಎಂಬಿ. (25 ಫ್ರೇಮಿನಲ್ಲಿ ಹಿಡಿದರೆ ಇದರ ಅರ್ಧ ಸಾಕು. ಆದರೆ ಮಂಡಿ ಕುಣಿತ 25ರಲ್ಲಿ ಕಲಸಿಹೋಗುತ್ತದೆ, ಕಲಾವಿದರ ಶ್ರಮಕ್ಕೆ ಅದು ಅನ್ಯಾಯ.) ಮೂರು ಕ್ಯಾಮೆರಾಕ್ಕೆ 622, ನಾಲ್ಕಕ್ಕೆ 829. ಇಂಥ ಕಾರ್ಡುಗಳು ಪಿಸಿಐ ಎಕ್ಸ್‌ಪ್ರೆಸ್ (ಈ ಸ್ಲಾಟುಗಳ ವ್ಯವಸ್ಥೆಯ ಹೆಸರು) ಎರಡನೆಯ ತಲೆಮಾರಿನವು, ಲೇನಿಗೆ ಸೆಕೆಂಡಿಗೆ 500 ಎಂಬಿ. ಎರಡು ಲೇನಿಗೆ 1000 ಆಯಿತಲ್ಲ ಅನ್ನಬಹುದು. ಆದರೆ ಡೇಟಾ ಪೊಟ್ಟಣ ಕಟ್ಟುವ ಖರ್ಚೆಲ್ಲ ಕಳೆದು ಕೈಗೆ ಸಿಗುವುದು ಐದರಲ್ಲಿ ನಾಲ್ಕು ಪಾಲು, ಹತ್ತಿರ ಹತ್ತಿರ 800. ಮೂರು ಕ್ಯಾಮೆರಾ ಹಾಯಾಗಿ ಹಿಡಿಸುತ್ತದೆ, ನಾಲ್ಕನೆಯದು ಹಿಡಿಸುವುದಿಲ್ಲ. ಯುಎಸ್‌ಬಿ ಕಾರ್ಡ್ ಕಿತ್ತು ಮಿಕ್ಸರನ್ನು ಬೋರ್ಡಿನ ಹಿಂದಿನ ಯುಎಸ್‌ಬಿಗೆ ಸಿಕ್ಕಿಸಿದೆವು. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಕ್ಯಾಪ್ಚರ್ ಕಾರ್ಡಿನ ಸ್ಲಾಟನ್ನು ಎಕ್ಸ್4 ಎಂದು ಬದಲಿಸಿದೆವು. ನಾಲ್ಕೂ ಕ್ಯಾಮೆರಾ ನಡೆದವು. ಹೊಸ ಕ್ಯಾಪ್ಚರ್ ಕಾರ್ಡಿಗೆ ದುಡ್ಡು ಹಾಕುವುದು ತಪ್ಪಿತು.

ನನಗೆ ಗಟ್ಟಿಯಾಗಿ ಹೇಳಬೇಕಿರುವುದು ಇದನ್ನೇ. ಎಲ್ಲರೂ ತಲೆಬಿಸಿ ಮಾಡಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ಎಕ್ಸ್16 ಸಿಕ್ಕಿತೋ ಇಲ್ಲವೋ ಎಂದು. ಅದಕ್ಕೆ ಎಕ್ಸ್8 ಸಿಕ್ಕರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಆರ್‌ಟಿಎಕ್ಸ್ 4060ಕ್ಕೆ ಕಂಪನಿಯೇ ಕೊಟ್ಟಿರುವುದು ಎಂಟು ಲೇನ್. ರೆಂಡರ್ ಎರಡು ನಿಮಿಷ ತಡವಾದರೆ ಚಹಾ ಕುಡಿದು ಬರಬಹುದು. ಕ್ಯಾಪ್ಚರ್ ಕಾರ್ಡಿಗೆ ಆ ಸೌಲಭ್ಯ ಇಲ್ಲ. ರಂಗಸ್ಥಳದಲ್ಲಿ ಆ ಕ್ಷಣ ನಡೆದದ್ದು ಆ ಕ್ಷಣವೇ ಒಳಗೆ ಬರಬೇಕು, ತಪ್ಪಿದ ಫ್ರೇಮ್ ತಪ್ಪಿಯೇ ಹೋಯಿತು. ಆದ್ದರಿಂದ ಮೊದಲು ಕ್ಯಾಪ್ಚರ್ ಕಾರ್ಡಿಗೆ ಜಾಗ ಮತ್ತು ಲೇನ್ ಗೊತ್ತು ಮಾಡಿ. ಉಳಿದ ಜಾಗಕ್ಕೆ ಹೊಂದುವ ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹುಡುಕಿ.

ಇದನ್ನು ಅಂಗಡಿಯ ಜಾಹೀರಾತಿನಲ್ಲಿ ಹುಡುಕಬೇಡಿ. ಬೋರ್ಡಿನ ಮ್ಯಾನುಯಲ್ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಕೊಳ್ಳುವ ಮೊದಲೇ ಇಳಿಸಿಕೊಳ್ಳಿ. ಸ್ಲಾಟುಗಳ ಪುಟದಲ್ಲಿ ಸಣ್ಣ ಅಕ್ಷರದ ಅಡಿಟಿಪ್ಪಣಿ ಇರುತ್ತದೆ. ಯಾವ ಸ್ಲಾಟ್ ಯಾವುದರ ಜೊತೆ ಲೇನ್ ಹಂಚಿಕೊಳ್ಳುತ್ತದೆ, ಎರಡನೆಯ ಎಂ.2 ತುಂಬಿದರೆ ಯಾವ ಸ್ಲಾಟ್ ಅಥವಾ ಡಿಸ್ಕ್ ಸಿಕ್ಕಿಸುವ ಯಾವ ಸಾಟಾ ಪೋರ್ಟ್ ಸಾಯುತ್ತದೆ ಎಂಬುದೆಲ್ಲ ಅಲ್ಲೇ. ಚಿಪ್‌ಸೆಟ್ಟೂ ಮುಖ್ಯ. ಹಳೆಯ ಬಿ450ರಲ್ಲಿ ಚಿಪ್‌ಸೆಟ್ಟಿನ ಸ್ಲಾಟುಗಳು ಎರಡನೆಯ ತಲೆಮಾರಿನ ವೇಗದವು, ಬಿ550ರಲ್ಲಿ ಮೂರನೆಯದು.

ಇನ್ನು ಕೈಯಾರೆ ಕೂರಿಸುವಾಗ ಎದುರಾಗುವ ಕೆಲವು ಸಂಗತಿಗಳು. ದೊಡ್ಡ ಕಾರ್ಡ್ ಕೂತ ಮೇಲೆ ಅದರ ಸ್ಲಾಟಿನ ತುದಿಯ ಚಿಲಕ ಕಣ್ಣಿಗೂ ಕಾಣದು, ಬೆರಳಿಗೂ ಸಿಗದು. ತೆಗೆಯುವಾಗ ಸ್ಕ್ರೂಡ್ರೈವರ್ ತೂರಿಸಿ ಒತ್ತಬೇಡಿ, ಜಾರಿದರೆ ಬೋರ್ಡಿನ ಸಣ್ಣ ಬಿಡಿಭಾಗಗಳೇ ಕಿತ್ತುಬರುತ್ತವೆ. ನಾನು ಅಡಿಕೆ ದಬ್ಬೆಯ ಒಂದು ಚಪ್ಪಟೆ ಕಡ್ಡಿ ಕೆತ್ತಿ ಇಟ್ಟುಕೊಂಡಿದ್ದೇನೆ. ಬೋರ್ಡಿನ ಕೆಳಗಿನ ಅಂಚನ್ನೂ ಮೊದಲೇ ನೋಡಿ. ಮುಂದಿನ ಯುಎಸ್‌ಬಿ, ಪವರ್ ಬಟನ್, ಆಡಿಯೋ ವೈರುಗಳೆಲ್ಲ ಸಿಕ್ಕುವ ಪಿನ್ನುಗಳು ಅಲ್ಲಿ ನಿಂತಿರುತ್ತವೆ. ಕೊನೆಯ ಸ್ಲಾಟಿಗೆ ಉದ್ದನೆಯ ಕಾರ್ಡ್ ಹಾಕಿದರೆ ಅದು ಆ ವೈರುಗಳ ಮೇಲೆಯೇ ಕೂರುತ್ತದೆ. ವೈರುಗಳನ್ನು ಮೊದಲು ಸಿಕ್ಕಿಸಿ, ಆಮೇಲೆ ಕಾರ್ಡ್. ಹೊಸ ದೊಡ್ಡ ಕಾರ್ಡುಗಳ 16 ಪಿನ್ನಿನ ಪವರ್ ಕೇಬಲ್ಲನ್ನು ಕನೆಕ್ಟರಿನಿಂದ ಸುಮಾರು 35 ಮಿ.ಮೀ. ತನಕ ಬಗ್ಗಿಸಬಾರದು. ಕ್ಯಾಬಿನೆಟ್ಟಿನ ಅಗಲ ನೋಡುವಾಗ ಕಾರ್ಡಿನ ಎತ್ತರಕ್ಕೆ ಅದನ್ನೂ ಕೂಡಿಸಿ.

ಸ್ಲಾಟಿನಿಂದ ಕಾರ್ಡಿಗೆ ಎಳೆಯುವ ರೈಸರ್ ಕೇಬಲ್ ಹಾಕಿ ಕಾರ್ಡನ್ನು ನಿಲ್ಲಿಸುವ ಉಪಾಯ ಕೆಲವರು ಕೇಳುತ್ತಾರೆ. ಹೆಚ್ಚಿನ ಕ್ಯಾಬಿನೆಟ್ಟುಗಳಲ್ಲಿ ನಿಂತ ಕಾರ್ಡ್ ಉಳಿದೆಲ್ಲ ಸ್ಲಾಟಿಗೂ ಗೋಡೆಯಾಗುತ್ತದೆ. ನಮಗೆ ಉಪಯೋಗವಿಲ್ಲ.

ಮಳೆಗಾಲದ ಬಗ್ಗೆ ನಮ್ಮ ಕಡೆಯವರಿಗೆ ಬೇರೆಯೇ ಹೇಳಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಶಿರಸಿಯಲ್ಲಿ ಎಲ್ಲದಕ್ಕೂ ಬೂಷ್ಟು. ಆಟ ಇಲ್ಲವೆಂದು ಕಂಪ್ಯೂಟರ್ ಮೂಲೆಗೆ ಸೇರಿಸಿದರೆ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕು ಕಟ್ಟುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದು ಇನ್ನೂ ಜೋರು. ಲೇನ್ ಕಡಿಮೆ ತೋರಿಸಲು ಇದೂ ಒಂದು ಕಾರಣ. ಕಾರ್ಡ್ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಒಂದೆರಡು ತಾಸು ಓಡಿಸಿ, ಒಳಗೆ ಬಿಸಿಯಾದರೆ ತೇವ ಹೋಗುತ್ತದೆ. ಕಾರ್ಡ್ ಬದಲಿಸಿದಾಗ ಖಾಲಿ ಕಿಂಡಿಗಳ ತಗಡಿನ ಪಟ್ಟಿಗಳನ್ನು ಎಸೆಯದೆ ತಿರುಗಿ ಹಾಕಿ. ತೆರೆದ ಕಿಂಡಿಯಿಂದ ಹಲ್ಲಿ ಒಳಗೆ ಹೋಗಿ ಬೆಚ್ಚಗೆ ಕೂರುತ್ತದೆ, ಪವರ್ ಸಪ್ಲೈ ಸುಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯದಾಗಿ ಸಾಗಾಟ. ಇಲ್ಲಿಂದ ಕುಮಟಾಕ್ಕೋ ಹೊನ್ನಾವರಕ್ಕೋ ಆಟಕ್ಕೆ ಹೋಗುವುದೆಂದರೆ ದೇವಿಮನೆ ಘಟ್ಟ ಇಳಿಯಬೇಕು. ಮೂರು ಸ್ಲಾಟಿನ ಕಾರ್ಡುಗಳಲ್ಲಿ ಕೆಲವು ಎರಡು ಕಿಲೋ ತೂಗುತ್ತವೆ. ಕ್ಯಾಬಿನೆಟ್ ನೆಟ್ಟಗೆ ನಿಂತಿದ್ದರೆ ಆ ಭಾರವೆಲ್ಲ ಸ್ಲಾಟಿನ ಪ್ಲಾಸ್ಟಿಕ್ಕಿನ ಮೇಲೂ ಹಿಂದಿನ ಎರಡು ಸ್ಕ್ರೂಗಳ ಮೇಲೂ ಜೋತಾಡುತ್ತದೆ, ಪ್ರತಿ ತಿರುವಿಗೂ ಹೊಂಡಕ್ಕೂ ಜಗ್ಗುತ್ತದೆ. ಭಾರದ ಕಾರ್ಡಾದರೆ ತೆಗೆದು ಅದರ ಪೆಟ್ಟಿಗೆಯಲ್ಲೇ ಬೇರೆ ಒಯ್ಯಿರಿ. ಹಗುರದ್ದಾದರೂ ಕ್ಯಾಬಿನೆಟ್ಟನ್ನು ಬೋರ್ಡ್ ಕೆಳಗೆ ಬರುವ ಹಾಗೆ ಕಂಬಳಿಯ ಮೇಲೆ ಮಲಗಿಸಿ, ಆಗ ಕಾರ್ಡುಗಳು ನೆಟ್ಟಗೆ ನಿಲ್ಲುತ್ತವೆ. ಊರು ಮುಟ್ಟಿ ಹೊಂದಿಸಿದ ಮೇಲೆ, ಕ್ಯಾಮೆರಾ ಕೇಬಲ್ ಎಳೆಯುವ ಮೊದಲು ಎಚ್‌ಡಬ್ಲ್ಯೂಇನ್ಫೋ ತೆರೆದು ಕ್ಯಾಪ್ಚರ್ ಕಾರ್ಡಿನ ಎದುರು ಎಕ್ಸ್4 ಇದೆಯೇ ನೋಡಿ. ಮನೆಯಲ್ಲಿ ಎಕ್ಸ್4 ಇದ್ದದ್ದು ಇಲ್ಲಿ ಎಕ್ಸ್2 ಅಥವಾ ಎಕ್ಸ್1 ಕಂಡರೆ ಕಾರ್ಡ್ ಜಗ್ಗಿದೆ ಎಂದೇ ತಿಳಿದು, ಪವರ್ ವೈರ್ ಕಿತ್ತು, ಇನ್ನೊಮ್ಮೆ ಒತ್ತಿ ಕೂರಿಸಿ. ಚೌಕಿಯಲ್ಲಿ ಬಣ್ಣ ಹಚ್ಚಲು ಶುರುವಾಗುವುದರೊಳಗೆ ಈ ಕೆಲಸ ಮುಗಿದಿರಬೇಕು.