ಮೂರನೆಯ ಪುಟ ಓದಿದ್ದರೆ

ಹೋದ ವರ್ಷದ ಒಂದು ಬುಧವಾರ ಬೆಳಿಗ್ಗೆ ನಡೆದದ್ದು. ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಶೆರಿಫ್ ಕಚೇರಿಯಲ್ಲಿ ಸಿವಿಲ್ ಕೌಂಟರ್ ಕ್ಲರ್ಕ್. "ಪೊಲೀಸ್ ಕೆಲಸ ಹೇಗಿದೆಯಮ್ಮ?" ಅಂತ ಊರಿನಿಂದ ಮಾವ ಕೇಳುತ್ತಲೇ ಇದ್ದರು. "ಮಾವ, ನಮ್ಮ ಕೋರ್ಟ್ ಅಮೀನರ ಕೆಲಸ ಅಂದ್ಕೊಳ್ಳಿ" ಅಂದ ಮೇಲೆ ಅವರಿಗೆ ಅರ್ಥವಾಯಿತು. ಶೆರಿಫ್ ಅಂದರೆ ಗಸ್ತಿನ ಕಾರು ಅಂತಲೇ ಇಲ್ಲಿನ ನಮ್ಮವರೂ ತಿಳಿದಿದ್ದಾರೆ. ಕ್ಯುಪರ್ಟಿನೊದಂಥ ಊರುಗಳಿಗೆ ಸ್ವಂತ ಪೊಲೀಸ್ ಇಲ್ಲ, ಕಾಂಟ್ರಾಕ್ಟ್ ಮೇಲೆ ಕೌಂಟಿ ಶೆರಿಫ್‌ನವರೇ ನೋಡಿಕೊಳ್ಳುತ್ತಾರೆ, ಹಾಗಾಗಿ ಕಣ್ಣಿಗೆ ಬೀಳುವುದು ಅದೇ. ಜೈಲು, ಕೋರ್ಟಿನ ಕಾವಲು, ಜಪ್ತಿ, ಮನೆ ಖಾಲಿ ಮಾಡಿಸುವುದು, ಇವೂ ಶೆರಿಫ್ ಕೆಲಸವೇ. ಕೊನೆಯ ಎರಡು ನಮ್ಮ ಕೋಣೆಯವು.

ಮಂಗಳವಾರ ಕೌಂಟರ್ ಮುಚ್ಚಲು ಹತ್ತು ನಿಮಿಷ ಇತ್ತು. ಒಬ್ಬರು ಓಡಿ ಬಂದು ಕಾಗದ ಮುಂದಿಟ್ಟರು. "ಜಡ್ಜ್ ಸ್ಟೇ ಕೊಟ್ಟಿದ್ದಾರೆ, ನಾಳೆ ಬರಬೇಡಿ." ಮೊದಲ ಪುಟ ನೋಡಿದೆ. ಅರ್ಜಿ ಅಂತಿತ್ತು, ಮೊಹರು ಇರಲಿಲ್ಲ. ಮರುದಿನದ ಲಾಕ್‌ಔಟ್ ಶೀಟ್, ಅಂದರೆ ಬೀಗ ಬದಲಿಸಿ ಖಾಲಿ ಮಾಡಿಸಬೇಕಾದ ಮನೆಗಳ ಪಟ್ಟಿ, ಮೂರು ಗಂಟೆಗೇ ಪ್ರಿಂಟ್ ಆಗಿ ಶೆರಿಫ್ ಕೈಕೆಳಗಿನ ಅಧಿಕಾರಿಗಳಾದ ಡೆಪ್ಯುಟಿಗಳ ಟ್ರೇಗೆ ಹೋಗಿತ್ತು. ಬರೀ ಅರ್ಜಿ ಹಿಡಿದುಕೊಂಡು ಸ್ಟೇ ಸಿಕ್ಕಿದೆ ಅನ್ನುವವರು ವಾರಕ್ಕೆ ನಾಲ್ಕೈದು ಜನ ಬರುತ್ತಾರೆ, ಇವರೂ ಹಾಗೇ ಅಂದುಕೊಂಡು "ಮೊಹರು ಹಾಕಿಸಿಕೊಂಡು ಬನ್ನಿ" ಅಂದೆ. "ಅಷ್ಟರಲ್ಲಿ ಕೋರ್ಟ್ ಮುಚ್ಚುತ್ತೆ" ಅಂದರು. ನಾನು ಮುಂದಿನವರನ್ನು ಕರೆದೆ.

ಕೋರ್ಟ್ ಕ್ಲರ್ಕ್‌ಗೆ ಒಂದು ಫೋನ್ ಮಾಡಬಹುದಿತ್ತು. ಎರಡು ನಿಮಿಷದ ಕೆಲಸ. ಮಾಡಲಿಲ್ಲ.

ಬುಧವಾರ 8:20ಕ್ಕೆ ಇನ್‌ಬಾಕ್ಸ್ ತೆರೆದೆ. ಹಿಂದಿನ ಸಂಜೆ 4:50ಕ್ಕೆ ಕೋರ್ಟಿನಿಂದಲೇ ಬಂದ ಸ್ಟೇ ಇತ್ತು. ಅದೇ ಕೇಸ್ ನಂಬರ್. ಲಾಕ್‌ಔಟ್ ಎಂಟೂವರೆಗೆ. ಡೆಪ್ಯುಟಿ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ರೇಡಿಯೊ ಕಂಟ್ರೋಲ್ ರೂಮ್ ಆದ ಡಿಸ್ಪ್ಯಾಚ್‌ಗೆ ಮಾಡಿದರೆ ಡೆಪ್ಯುಟಿಯ ಯೂನಿಟ್ ನಂಬರ್ ಕೇಳಿದರು. ಶೀಟ್ ನೋಡೋಣ ಅಂದರೆ ಟ್ರೇ ಖಾಲಿ. ಸಿಸ್ಟಮ್‌ನಲ್ಲಿ ಹುಡುಕಲು ಹೋದರೆ ಆ ಚಕ್ರ ಸುಮ್ನೆ ತಿರುಗುತ್ತಲೇ ಇದೆ. ಕೈ ನಡುಗುತ್ತಿತ್ತು. ಕೊನೆಗೆ ನಂಬರ್ ಸಿಕ್ಕಿತು, ಓದಿ ಹೇಳಿದೆ, ಅವರು ರೇಡಿಯೊದಲ್ಲಿ ಕರೆದರು. ಆ ಕಡೆಯಿಂದ ಉತ್ತರ ಇಲ್ಲ. ಮತ್ತೆ ಕರೆದರು. ಆಮೇಲೆ "ನಿಲ್ಲಿಸಿದ್ದೀವಿ" ಅನ್ನುವ ದನಿ ಕೇಳಿತು.

ಬೀಗದವನು ಅಷ್ಟರಲ್ಲಿ ಎರಡು ಸ್ಕ್ರೂ ಬಿಚ್ಚಿದ್ದನಂತೆ. ಶಾಲೆಗೆ ಹೊರಟಿದ್ದ ಮಗು ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿತ್ತು ಅಂತ ಡೆಪ್ಯುಟಿ ಆಮೇಲೆ ಹೇಳಿದರು.

ಆ ವಾರ ನಿದ್ದೆ ಬರದೆ ಈ ಹುದ್ದೆಯ ಹಳೆಯ ಕಥೆ ಓದುತ್ತಾ ಕೂತೆ. ಇಂಗ್ಲೆಂಡಿನಲ್ಲಿ ಶೈರ್ ಅಂದರೆ ಜಿಲ್ಲೆ, ರೀವ್ ಅಂದರೆ ನಮ್ಮ ಅಮಲ್ದಾರರ ಥರದ ಅಧಿಕಾರಿ. ಎರಡೂ ಸೇರಿ ಶೆರಿಫ್. ರಾಜನ ಪರವಾಗಿ ಕಂದಾಯ ವಸೂಲಿ ಮಾಡುತ್ತಿದ್ದವನು. ಒಪ್ಪಿಗೆ ಇಲ್ಲದೆ ಶೆರಿಫ್ ಯಾವ ಸ್ವತಂತ್ರ ಮನುಷ್ಯನ ಕುದುರೆ, ಗಾಡಿಯನ್ನೂ ಒಯ್ಯಬಾರದು ಅಂತ 1215ರಲ್ಲಿ ರಾಜನಿಂದ ಪಡೆದ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದಲ್ಲೇ ಬರೆಸಿಕೊಂಡಿದ್ದಾರೆ. ಜನ ಎಷ್ಟು ಬೇಸತ್ತಿರಬೇಕು, ಅಲ್ವಾ? ವರ್ಜೀನಿಯಾದಲ್ಲಿ 1634ರಲ್ಲಿ ಶೈರ್‌ಗಳಾದವು, ಹುದ್ದೆಯೂ ಅಮೆರಿಕಕ್ಕೆ ಬಂತು. ಇಲ್ಲಿ ಮತ ಹಾಕಿ ಆರಿಸುತ್ತಾರೆ, ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ. ಆರಿಸಿದ್ದು ಜನ, ಆದರೂ ಐದು ದಿನದಲ್ಲಿ ಮನೆ ಖಾಲಿ ಮಾಡಿ ಅಂತ ಬಾಗಿಲಿಗೆ ನಾವು ಅಂಟಿಸುವ ನೋಟಿಸ್ ನೋಡಿ ಅದೇ ಜನ ಹೆದರುತ್ತಾರೆ. ಆ ಹೆದರಿಕೆ ನನ್ನ ಕೌಂಟರಿನ ಮುಂದೆ ನಿಂತಿತ್ತು, ನನಗೆ ಕಾಣಲಿಲ್ಲ.

ಸ್ಟೇ ಬಂದ ಕೂಡಲೇ ಶೀಟ್‌ನಲ್ಲಿ ಕೆಂಪಗೆ ತೋರಿಸುವ ವ್ಯವಸ್ಥೆ ಬೇಕು ಅಂತ ಮೇಲಿನವರಿಗೆ ಬರೆದೆವು. ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂದರು. ಕೋರ್ಟಿನ ಸಿಸ್ಟಮ್‌ಗೂ ನಮ್ಮದಕ್ಕೂ ಇವತ್ತಿಗೂ ಕೊಂಡಿ ಇಲ್ಲ. ಈಗ ಸಂಜೆ ಹೊರಡುವ ಮುಂಚೆ ಒಮ್ಮೆ, ಬೆಳಿಗ್ಗೆ ಏಳೂಮುಕ್ಕಾಲಿಗೆ ಒಮ್ಮೆ ಇನ್‌ಬಾಕ್ಸ್ ನಾನೇ ನೋಡುತ್ತೇನೆ. ಕಾಗದ ಕೊಟ್ಟರೆ ಕೊನೆಯ ಪುಟದವರೆಗೂ ತಿರುವುತ್ತೇನೆ.

ಗುರುವಾರ ಅವರು ಮತ್ತೆ ಬಂದರು. ಕೂಗಾಡಲಿಲ್ಲ. "ಮೊನ್ನೆ ನಿಮಗೆ ತೋರಿಸಿದ್ದು ಇದೇ ಕಾಗದ" ಅಂದರು. ತಪ್ಪಾಯಿತು ಅಂದೆ. ಸ್ಟೇ ಯಾವತ್ತಿನವರೆಗೆ ಇದೆ ಅಂತ ಕೇಳಿದರು. ಮೂರನೆಯ ಪುಟದಲ್ಲಿ ಜಡ್ಜ್ ಸಹಿಯ ಮೇಲೆ ತಾರೀಕು ಇತ್ತು. ಓದಿ ಹೇಳಿದೆ.